ತೊಂಬತ್ತು ನಿಮಿಷದ ವಿಶ್ರಾಂತಿ

ಸಂಶೋಧನಾಲಯದ ಮೂರನೆಯ ಮಹಡಿಯಲ್ಲಿ, ಮೆಟ್ಟಿಲಿನಿಂದ ಅತಿ ದೂರದ ಕೋಣೆಯಲ್ಲಿ ಆರು ಗಾಜಿನ ತೊಟ್ಟಿಗಳಿದ್ದವು. ತೊಟ್ಟಿ ಎಂದರೆ ದನಕರು ನೀರು ಕುಡಿಯುವಂಥದ್ದಲ್ಲ. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಗಾಜು ಎರಡು ಪದರ, ಪದರಗಳ ನಡುವೆ ಸದಾ ಬೆಚ್ಚನೆಯ ನೀರು ಹರಿಯುತ್ತಿರುತ್ತದೆ. ಒಳಗೆ ಉಪ್ಪುನೀರು. ಅದರಲ್ಲಿ ಮೇಲೆ ಕೆಳಗೆ ದಾರ ಕಟ್ಟಿ ತೂಗುಹಾಕಿದ, ಕಿರುಬೆರಳಿನಷ್ಟು ಉದ್ದದ ಕುರಿಯ ಕರುಳಿನ ಎಳೆ. ತಳದಿಂದ ಗುಳುಗುಳು ಏಳುವ ಗಾಳಿಯ ಗುಳ್ಳೆ. ಇಷ್ಟು ಉಪಚಾರ ಮಾಡಿದರೆ ಸಾಕು, ದೇಹದಿಂದ ಬೇರೆಯಾಗಿ ಬಂದ ಆ ಎಳೆ ತನಗೇನೂ ಆಗಿಯೇ ಇಲ್ಲವೆಂಬಂತೆ ಮುದುಡುತ್ತದೆ, ಸಡಿಲವಾಗುತ್ತದೆ, ಮತ್ತೆ ಮುದುಡುತ್ತದೆ. ಊಟವಿಲ್ಲ, ಹಸಿವಿಲ್ಲ, ಉಣ್ಣುವವನೇ ಇಲ್ಲ. ಆದರೂ ಒಪ್ಪಿಕೊಂಡ ಕೆಲಸ ಬಿಡುವುದಿಲ್ಲ. ಸೃಷ್ಟಿ ಮಾಡಿದವನು ಕಳಿಸುವಾಗ ಅದರ ಕಿವಿಯಲ್ಲಿ ಏನು ಹೇಳಿ ಕಳಿಸಿದನೋ, ಅವನಿಗೇ ಗೊತ್ತು.

ಈ ಕೋಣೆಯ ಒಡತಿಯನ್ನು ಎಲ್ಲರೂ ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕರುಳಮ್ಮ ಎಂದೂ ಕರೆಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಇಪ್ಪತ್ತೈದು ವರ್ಷ ಕರುಳು ಹೇಗೆ ಮಿಡಿಯುತ್ತದೆಂದು ನೋಡುತ್ತ ಕೂತವಳು ಅವಳು. ಜೊತೆಗಿದ್ದವನು ಒಬ್ಬನೇ, ಉಪ್ಪುನೀರು ಕದಡುವ ಉಪ್ಪಣ್ಣ. ಏಳು ಬಗೆಯ ಉಪ್ಪನ್ನು ತೂಗಿ ಒಂದರ ಹಿಂದೆ ಒಂದು ಕರಗಿಸಬೇಕು. ಸುಣ್ಣದ ಉಪ್ಪು ಎಲ್ಲಕ್ಕಿಂತ ಕೊನೆಗೆ. ಅವಸರ ಮಾಡಿ ಅದನ್ನು ಮೊದಲೇ ಸುರಿದರೆ ನೀರು ಮಜ್ಜಿಗೆಯಂತೆ ಬೆಳ್ಳಗಾಗಿ ಎಲ್ಲ ಚರಂಡಿಪಾಲು. ಉಪ್ಪಣ್ಣನ ಕೈಯಲ್ಲಿ ನೀರು ಬೆಳ್ಳಗಾದದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ನಿರ್ದೇಶಕರು ಖುದ್ದಾಗಿ ಮೂರು ಮಹಡಿ ಹತ್ತಿ ಬಂದರು. ಉಸಿರು ಹದಕ್ಕೆ ಬರುವ ತನಕ ಬಾಗಿಲು ಹಿಡಿದು ನಿಂತರು. ಲಿಫ್ಟ್ ಕೆಟ್ಟಿರಲಿಲ್ಲ; ಹತ್ತಿ ಬಂದದ್ದು ವಿಷಯ ದೊಡ್ಡದೆಂದು ತೋರಿಸಲಿಕ್ಕೆ.

"ಮೇಡಂ, ಈ ಕೋಣೆ ಮೇಲೆ ಕಂಪ್ಯೂಟರ್ ವಿಭಾಗದವರು ಕಣ್ಣು ಹಾಕಿದಾರೆ. ಮುಂದಿನ ತಿಂಗಳು ಸಮಿತಿ ಬರುತ್ತೆ. ಯಾರ ಕೆಲಸಾನ ಜಗತ್ತು ಎಷ್ಟು ಸಲ ಉಲ್ಲೇಖ ಮಾಡಿದೆ ಅಂತ ನೋಡಿ ಅಂಕ ಹಾಕ್ತಾರೆ. ನೂರಕ್ಕೆ ಅರವತ್ತು ಬಂತೋ, ಕೋಣೆ ನಿಮ್ದು. ಒಂದು ಕಮ್ಮಿ ಆಯ್ತೋ, ತೊಟ್ಟಿಗಳನ್ನ ಪೆಟ್ಟಿಗೆಗೆ ತುಂಬಬೇಕು."

"ನನಗೆ ಎಷ್ಟು ಬರಬಹುದು ಸರ್?"

"ನಿಮ್ಮ ಆ ಹಳೇ ಪ್ರಬಂಧ ಒಂದಿದೆಯಲ್ಲ, ಅದೊಂದೇ ಸಾಕು ದಡ ಹತ್ತಿಸೋದಕ್ಕೆ. ಅದರ ಬಗ್ಗೆ ನೂರು ಪದ ಬರೆದುಕೊಡಿ. ಚೆನ್ನಾಗಿ ಬರೀರಿ. ಸಂಕೋಚಪಡಬೇಡಿ," ಎಂದು ನಿರ್ದೇಶಕರು ಲಿಫ್ಟಿನಲ್ಲಿ ಇಳಿದು ಹೋದರು.

ಸಂಜೆ ಮನೆಯಲ್ಲಿ ಕರುಳಮ್ಮ ಈ ಸುದ್ದಿ ಹೇಳಿದ್ದು ಅತ್ತೆಗೆ. ಗಂಡ ರೈಲಿನ ಗಾರ್ಡ್, ವಾರದಲ್ಲಿ ನಾಲ್ಕು ದಿನ ಹಳಿಗಳ ಮೇಲೆ. ಹಾಗಾಗಿ ಮನೆಯ ಸುಖದುಃಖವೆಲ್ಲ ಈ ಇಬ್ಬರ ನಡುವೆಯೇ. ಅತ್ತೆ ಎಂಬತ್ತರ ಹತ್ತಿರದವರು, ಮಾತಿಗೆ ಮಾತ್ರ ಇಪ್ಪತ್ತು.

"ಉಲ್ಲೇಖ ಅಂದ್ರೆ ಏನು?" ಎಂದರು ಅವರು, ಬಟಾಣಿ ಬಿಡಿಸುತ್ತ.

"ಬೇರೆಯವರು ಏನಾದ್ರೂ ಬರೆಯುವಾಗ, ಇದನ್ನ ಮೊದಲು ಕಂಡವಳು ಇಂಥವಳು ಅಂತ ನನ್ನ ಹೆಸರು ಹಾಕ್ತಾರೆ ಅತ್ತೆ. ಅದನ್ನ ಎಣಿಸ್ತಾರೆ."

"ಈ ಬೀದಿಯಲ್ಲಿ ದಿನಕ್ಕೆ ಹತ್ತು ಸಲ ನನ್ನ ಹೆಸರು ಬರುತ್ತೆ. ಹೊಗಳೋದಕ್ಕೆ ಅಂತ ನಿನಗೆ ಯಾರು ಹೇಳಿದ್ರು? ಎಷ್ಟು ಸಲ ಅಂತ ಅಲ್ಲ ಕಣೇ, ಏನಂತ ಹೇಳ್ತಾರೆ ಅಂತ ಕೇಳು."

ಕರುಳಮ್ಮ ನಕ್ಕಳು. ಮಾರನೆಯ ದಿನ ಗ್ರಂಥಾಲಯಕ್ಕೆ ಹೋಗಿ ಅದನ್ನೇ ಕೇಳಿದಳು.

ಗ್ರಂಥಪಾಲಕಿ ಅವಳ ಓರಗೆಯವಳು. ಬೆನ್ನ ಹಿಂದಿನ ಹೆಸರನ್ನು ಎದುರಿಗೇ ಕರೆಯುವ ಸಲಿಗೆ ಇಡೀ ಸಂಸ್ಥೆಯಲ್ಲಿ ಅವಳೊಬ್ಬಳಿಗೇ ಇತ್ತು. ಒಂದು ವಾರ ಕೂತು, ಆ ಪ್ರಬಂಧವನ್ನು ಹೆಸರಿಸಿದ ಬರಹಗಳನ್ನೆಲ್ಲ ತೆಗೆದು, ಹೆಸರಿಸಿದ ಸಾಲಿಗೆಲ್ಲ ಗೆರೆ ಹಾಕಿದಳು. ಎರಡು ಕಟ್ಟು ತಂದು ಮೇಜಿನ ಮೇಲಿಟ್ಟಳು. ಒಂದು ಮೊಣಕಾಲುದ್ದ, ಇನ್ನೊಂದು ಒಂದು ಗೇಣು.

"ಕರುಳಮ್ಮ, ಒಟ್ಟು ನಾನೂರ ಹನ್ನೆರಡು. ಕೂತ್ಕೋ, ಆಮೇಲೆ ಹೇಳ್ತೀನಿ."

"ಕೂತಿದೀನಿ."

"ನೀನು ನಾಲ್ಕು ವರ್ಷ ಒದ್ದಾಡಿ ಕಂಡುಹಿಡಿದದ್ದು ಏನು?"

"ಕರುಳನ್ನ ನಿಧಾನಕ್ಕೆ ಎಳೆದರೆ ಸಡಿಲ ಬಿಡುತ್ತೆ, ಥಟ್ಟನೆ ಎಳೆದರೆ ಮುದುಡಿಕೊಳ್ಳುತ್ತೆ. ಎಷ್ಟು ನಿಧಾನ ಅಂದ್ರೆ ನಿಧಾನ, ಅದರ ಲೆಕ್ಕ."

"ಅದಕ್ಕೆ ನಿನ್ನ ಹೆಸರು ಹಾಕಿದವರು ಈ ಚಿಕ್ಕ ಕಟ್ಟು, ಎಂಬತ್ತೊಂದು ಜನ. ಉಳಿದ ಮುನ್ನೂರ ಮೂವತ್ತೊಂದು ಜನಕ್ಕೆ ನಿನ್ನ ಎಳೆತಾನೂ ಬೇಡ, ಸಡಿಲಾನೂ ಬೇಡ. ಅವರಿಗೆ ಬೇಕಾಗಿದ್ದು ಒಂದೇ ಸಾಲು. ಕರುಳನ್ನ ತೊಟ್ಟಿಗೆ ಇಳಿಸಿದ ಮೇಲೆ ಅಳತೆ ಶುರು ಮಾಡೋ ಮುಂಚೆ ತೊಂಬತ್ತು ನಿಮಿಷ ವಿಶ್ರಾಂತಿ ಕೊಡಬೇಕು, ಇಂಥವಳು ತೋರಿಸಿಕೊಟ್ಟ ಹಾಗೆ. ಇಷ್ಟೇ. ಎಲ್ಲರೂ ಇದನ್ನೇ ಬರೆದಿದಾರೆ, ಒಂದೇ ಮಗ್ಗದಲ್ಲಿ ನೇಯ್ದ ಹಾಗೆ."

ಕರುಳಮ್ಮ ದೊಡ್ಡ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಅದನ್ನು ಎಂದೂ ತೋರಿಸಿಕೊಟ್ಟಿರಲಿಲ್ಲ.

ಕೋಣೆಗೆ ಬಂದು ಬೀರು ತೆಗೆದು, ಇಪ್ಪತ್ತೆರಡು ವರ್ಷದ ಹಿಂದಿನ ದಿನಚರಿ ಪುಸ್ತಕ ಹುಡುಕಿದಳು. ಬೆನ್ನು ಹರಿದ ನೀಲಿ ರಟ್ಟಿನ ಪುಸ್ತಕ. ಪುಟ ತಿರುವಿದರೆ ದಿನ ದಿನವೂ ಅದೇ: ಹನ್ನೆರಡೂವರೆಗೆ ಕರುಳು ಇಳಿಸಿದ್ದು, ಎರಡಕ್ಕೆ ಅಳತೆ ಶುರು. ಆ ಹಳೇ ಪ್ರಬಂಧ, ಅವಳ ಮೊದಲನೆಯದು, ಅಚ್ಚಿಗೆ ಹೋಗುವಾಗ, ಎಷ್ಟು ಹೊತ್ತು ಬಿಟ್ಟಿರಿ ಎಂದು ಯಾರೋ ಪರೀಕ್ಷಕರು ಕೇಳಿದ್ದರು. ಅವಳು ಪುಸ್ತಕ ನೋಡಿ, ಕಳೆದು, ತೊಂಬತ್ತು ನಿಮಿಷ ಎಂದು ಬರೆದಿದ್ದಳು. ಅದು ಸತ್ಯವೇ. ತಪ್ಪು ನಡೆದದ್ದು ಎರಡನೆಯ ಪ್ರಬಂಧದಲ್ಲಿ. ಅಲ್ಲಿ ಅವಳು, ಹಿಂದಿನ ಕೆಲಸದಲ್ಲಿ ಕಂಡುಕೊಂಡಂತೆ ತೊಂಬತ್ತು ನಿಮಿಷ ಬಿಡಲಾಯಿತು, ಎಂದು ತನ್ನನ್ನು ತಾನೇ ಸಾಕ್ಷಿಗೆ ಕರೆದಿದ್ದಳು. ಎಲ್ಲರೂ ಹಾಗೆ ಬರೆಯುತ್ತಾರೆ, ಕೈ ತಾನಾಗಿ ಓಡುತ್ತದೆ. ಅದನ್ನು ನೋಡಿ ಒಬ್ಬ ಬರೆದ, ಅವನನ್ನು ನೋಡಿ ಇನ್ನೊಬ್ಬ.

ಹಾಗಿದ್ದರೆ ಆ ತೊಂಬತ್ತು ನಿಮಿಷ ಬಂದದ್ದಾದರೂ ಎಲ್ಲಿಂದ?

"ಉಪ್ಪಣ್ಣ, ಆಗೆಲ್ಲ ನಾವು ಹನ್ನೆರಡೂವರೆಗೆ ಇಳಿಸಿ ಎರಡರ ತನಕ ಯಾಕೆ ಬಿಡ್ತಾ ಇದ್ವಿ? ನೆನಪಿದೆಯಾ?"

ಉಪ್ಪಣ್ಣ ತಕ್ಕಡಿಯ ಮೇಲಿನ ಚಿಕ್ಕ ಚಮಚವನ್ನು ಕೆಳಗಿಟ್ಟ. ಅವನ ಮುಖ ಸಣ್ಣದಾಯಿತು. "ಯಾಕಮ್ಮಾ, ಯಾರಾದ್ರೂ ದೂರು ಕೊಟ್ರಾ?"

"ಇಷ್ಟು ವರ್ಷ ಆದ್ಮೇಲೆ ಯಾರು ಕೊಡ್ತಾರೆ? ಸುಮ್ನೆ ಹೇಳಿ."

"ಊಟಕ್ಕೆ ಅರ್ಧ ಗಂಟೆ ಮಾತ್ರ ಅಂತ ನಿಯಮ ಇತ್ತು. ನಾನು ಮನೆಗೆ ಹೋಗ್ತಾ ಇದ್ದೆ. ಅಪ್ಪನಿಗೆ ಲಕ್ವ ಹೊಡೆದಿತ್ತು, ಅರ್ಧ ಬಾಯಿ ಆಡ್ತಾ ಇರಲಿಲ್ಲ. ಗಂಜಿ ಕುಡಿಸಬೇಕು. ನಡೆದು ಹೋಗೋಕೆ ಕಾಲು ಗಂಟೆ, ಬರೋಕೆ ಕಾಲು ಗಂಟೆ. ಉಳಿದ ಒಂದು ಗಂಟೆ ಅಪ್ಪನಿಗೇ. ಒಂದು ಗುಟುಕು ನುಂಗೋಕೆ ಅವರಿಗೆ ಅಷ್ಟು ಹೊತ್ತು ಬೇಕಿತ್ತು. ಅವಸರ ಮಾಡಿದ್ರೆ ನೆತ್ತಿಗೆ ಹತ್ತೋದು. ನಿಮಗೆ ಹೇಳಿದ್ರೆ ಎಲ್ಲಿ ಬೇಡ ಅಂತೀರೋ ಅಂತ, ಕರುಳು ಸ್ವಲ್ಪ ಸುಧಾರಿಸಿಕೊಳ್ಳಲಿ ಮೇಡಂ ಅಂತ ಹೇಳಿ ಹೊರಟುಬಿಡ್ತಾ ಇದ್ದೆ."

"ನಾನು ಒಪ್ಪಿಕೊಂಡುಬಿಟ್ಟೆನಾ?"

"ನೀವು ಹೊಸಬರು. ಪುಸ್ತಕ ಓದ್ತಾ ಕೂತಿರ್ತಾ ಇದ್ರಿ."

ಕರುಳಮ್ಮ ನೀಲಿ ಪುಸ್ತಕ ಮುಚ್ಚಿದಳು. ಎಲ್ಲೋ ಒಬ್ಬ ಮುದುಕ ಅರ್ಧ ಬಾಯಿಯಲ್ಲಿ ಗಂಜಿ ನುಂಗಿದ್ದಕ್ಕೆ, ಅವನನ್ನು ಕಂಡೇ ಇರದ ಮುನ್ನೂರ ಮೂವತ್ತೊಂದು ಕಡೆ ವಿದ್ವಾಂಸರು ಗಡಿಯಾರ ನೋಡುತ್ತ ಕೂತಿದ್ದಾರೆ! ಅವಳಿಗೆ ಹೊಟ್ಟೆಯಿಂದ ನಗು ಎದ್ದಿತು, ಗಂಟಲಿಗೆ ಬರುವಷ್ಟರಲ್ಲಿ ಕಣ್ಣೂ ತೇವವಾಯಿತು.

"ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತಲ್ಲ ಉಪ್ಪಣ್ಣ. ಆಮೇಲೂ ನಾವ್ಯಾಕೆ ತೊಂಬತ್ತೇ ಇಟ್ಕೊಂಡ್ವಿ?"

ಉಪ್ಪಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. "ಅಷ್ಟೊತ್ತಿಗೆ ಅಚ್ಚಾಗಿ ಬಂದಿತ್ತಲ್ಲಮ್ಮಾ. ನೀವೇ ಬರೆದಿದ್ರಿ. ಹಂಗಾದ್ರೆ ಸರಿಯೇ ಇರಬೇಕು ಅಂದ್ಕೊಂಡೆ."

ಆಗ ಅವಳು ಮಾಡಬಹುದಾದದ್ದು ಎರಡಿತ್ತು. ನೂರು ಪದದಲ್ಲಿ ತೊಂಬತ್ತು ನಿಮಿಷದ ಮಹಿಮೆ ಬರೆದು ಕೋಣೆ ಉಳಿಸಿಕೊಳ್ಳುವುದು. ಅಥವಾ ಆ ತೊಂಬತ್ತು ನಿಜಕ್ಕೂ ಬೇಕೇ ಎಂದು ಕರುಳನ್ನೇ ಕೇಳುವುದು. ಸಮಿತಿ ಬರಲು ಹದಿನಾರು ದಿನವಿತ್ತು. ಕರುಳನ್ನು ಕೇಳೋಣ ಎಂದಳು.

ಚಮಚ ತೊಳೆಯುತ್ತಿದ್ದ ಉಪ್ಪಣ್ಣ ಥಟ್ಟನೆ ತಿರುಗಿದ. "ಅಮ್ಮಾ, ತೊಂಬತ್ತು ಕೆಟ್ಟದ್ದು ಅಂತ ಬಂದ್ರೆ? ಲೋಕದ ಕೆಲಸಾನೆಲ್ಲ ನಾನು ಹಾಳು ಮಾಡಿದ ಹಾಗಾಯ್ತಲ್ಲ."

"ನೀವೊಬ್ಬರೇ ಅಲ್ಲ, ನಾನೂ ಜೊತೆಗಿದೀನಿ. ಉಪ್ಪು ತೂಗಿ."

ದಿನವೂ ಬೆಳಿಗ್ಗೆ ಉಪ್ಪಣ್ಣ ಮಾಂಸದ ಅಂಗಡಿಯಿಂದ ಫ್ಲಾಸ್ಕಿನಲ್ಲಿ ತಣ್ಣನೆಯ ಉಪ್ಪುನೀರಲ್ಲಿ ಅದ್ದಿದ ಕರುಳು ತಂದ. ಒಂದೇ ಕರುಳಿನಿಂದ ಆರು ಎಳೆ. ಮೊದಲನೆಯದಕ್ಕೆ ಹತ್ತು ನಿಮಿಷ ವಿಶ್ರಾಂತಿ, ಆಮೇಲಿನವಕ್ಕೆ ಇಪ್ಪತ್ತು, ನಲವತ್ತು, ಅರವತ್ತು, ತೊಂಬತ್ತು, ಕೊನೆಯದಕ್ಕೆ ನೂರೈವತ್ತು. ಯಾವ ತೊಟ್ಟಿಗೆ ಎಷ್ಟು ಎಂದು ಚೀಟಿ ಎತ್ತಿ, ಆ ಚೀಟಿಗಳನ್ನು ಗ್ರಂಥಪಾಲಕಿ ತನ್ನ ಕೈಚೀಲದಲ್ಲಿ ಬಚ್ಚಿಟ್ಟುಕೊಂಡು, ಹೊತ್ತು ಹೊತ್ತಿಗೆ ತಾನೇ ಬಂದು ಅಳತೆ ಶುರು ಮಾಡುವ ಗುಂಡಿ ಒತ್ತಿದಳು. ಪರದೆಯ ಮೇಲೆ ಮೂಡುವ ಅಳತೆಯ ಗೆರೆ ಓದುವ ಕರುಳಮ್ಮನಿಗೆ ಯಾವುದು ಯಾವುದೆಂದು ಗೊತ್ತಾಗಬಾರದು ನೋಡಿ. ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಚೀಟಿ ಬಿಚ್ಚಿದರು.

ಹತ್ತು ನಿಮಿಷದ ಎಳೆಗಳು ಬೆಚ್ಚಿಬಿದ್ದ ಮಕ್ಕಳಂತೆ ಎದ್ದು ಬಿದ್ದು ಕುಣಿದಿದ್ದವು. ಇಪ್ಪತ್ತರವು ಪರವಾಗಿಲ್ಲ. ನಲವತ್ತಕ್ಕೆ ಎಲ್ಲವೂ ಹದಕ್ಕೆ ಬಂದಿದ್ದವು; ಅರವತ್ತಕ್ಕೂ ಅಷ್ಟೇ, ತೊಂಬತ್ತಕ್ಕೂ ಅಷ್ಟೇ. ನೂರೈವತ್ತಕ್ಕೆ ಮಾತ್ರ ತುಸು ದಣಿವು.

"ಅಂದ್ರೆ?" ಎಂದ ಉಪ್ಪಣ್ಣ.

"ಅಂದ್ರೆ ನಲವತ್ತು ಸಾಕು. ತೊಂಬತ್ತರಿಂದ ಯಾರ ಕೆಲಸವೂ ಕೆಟ್ಟಿಲ್ಲ. ಎಲ್ಲರೂ ಐವತ್ತು ನಿಮಿಷ ಸುಮ್ನೆ ಕೂತರು, ಅಷ್ಟೇ."

"ದೇವರು ದೊಡ್ಡವನು," ಎಂದು ಉಪ್ಪಣ್ಣ ಸ್ಟೂಲಿನ ಮೇಲೆ ಕುಸಿದ. ಆಮೇಲೆ ಎದ್ದು ಎಲ್ಲರಿಗೂ ಚಹಾ ತರಲು ಹೋದವನು ಕೈಬೀಸಿ ನಡೆದ ರೀತಿ ನೋಡಿದರೆ ಹತ್ತು ವರ್ಷ ಚಿಕ್ಕವನಾದಂತಿತ್ತು.

ನೂರು ಪದದ ಕಾಗದವನ್ನು ಮೊದಲು ಓದಿದವರು ನಿರ್ದೇಶಕರು. ಓದಿ ಕನ್ನಡಕ ತೆಗೆದು ಒರೆಸಿದರು, ತಪ್ಪು ಗಾಜಿನದಿರಬಹುದೆಂಬಂತೆ.

"ಮೇಡಂ, ಇದೇನು ಬರೆದಿದೀರಿ? ಈ ನಾನೂರ ಹನ್ನೆರಡರಲ್ಲಿ ಮುನ್ನೂರ ಮೂವತ್ತೊಂದು ನಾನು ತೋರಿಸದೇ ಇದ್ದ ವಿಷಯಕ್ಕೆ ಬಂದವು ಅಂತ! ಯಾರು ಕೇಳಿದ್ರು ನಿಮ್ಮನ್ನ?"

"ಪ್ರಬಂಧದ ಬಗ್ಗೆ ಬರೀರಿ ಅಂದಿದ್ರಲ್ಲ ಸರ್. ಅದಕ್ಕೇ ಬರೆದೆ."

"ಒಂದು ತಿಂಗಳು ಸುಮ್ನಿರಿ. ಕೋಣೆ ಉಳಿದ ಮೇಲೆ ಸತ್ಯ ಹೇಳೋದಕ್ಕೆ ಬೇಕಾದಷ್ಟು ಜಾಗ ಇರುತ್ತೆ."

ಆ ಮಾತು ಕರುಳಮ್ಮನ ಕೂಡ ಮನೆಗೆ ಬಂತು. ಊಟದ ಹೊತ್ತಾದರೂ ಅದು ಎದ್ದು ಹೋಗಲಿಲ್ಲ. ಅತ್ತೆ ಗಮನಿಸಿದರು.

"ಏನೇ, ಕರುಳಿನವಳೇ ಉಣ್ಣದೇ ಕೂತ್ರೆ ಹೆಂಗೆ? ನೀನು ಬರೆದಿದ್ದು ಸುಳ್ಳಾ?"

"ಸುಳ್ಳಲ್ಲ ಅತ್ತೆ. ಸುಳ್ಳು ಅಂತ ವಾಪಸ್ ತಗೊಳ್ಳೋದಕ್ಕೂ ಆಗಲ್ಲ. ಕೋಣೆ ಹೋದ್ರೆ ಉಪ್ಪಣ್ಣ ಎಲ್ಲಿಗೆ ಹೋಗಬೇಕು? ನಾನಾದ್ರೂ ಏನು ಮಾಡಬೇಕು?"

"ಕೋಣೆ ಉಳೀತು ಅಂತಲೇ ಇಟ್ಕೋ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಹೋಗೋವಳು ನೀನು ತಾನೇ? ಆ ಮುನ್ನೂರು ಜನ ನಿನ್ನ ಕುರ್ಚಿ ಮೇಲೆ ಕೂತಿರ್ತಾರೆ, ನೋಡ್ಕೋ. ನಿಂಗೆ ಜಾಗ ಎಲ್ಲಿ?" ಎಂದು ಅತ್ತೆ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. "ತಿನ್ನು ಮೊದಲು. ಹಸಿದ ಹೊಟ್ಟೇಲಿ ಧರ್ಮ ಹೊಳೆಯಲ್ಲ."

ಕಾಗದ ಹಾಗೆಯೇ ಸಮಿತಿಗೆ ಹೋಯಿತು.

ಸಮಿತಿಯವರು ಮೂವರು. ಅಧ್ಯಕ್ಷೆ ಕಣ್ಣಿನ ವಿಜ್ಞಾನಿ, ಬಿಳಿಗೂದಲಿನ ಸಣ್ಣ ದೇಹದ ಹೆಂಗಸು. ಎರಡನೆಯವರು ಬೇರೆ ಊರಿನಿಂದ ಬಂದ ಜಠರದ ಪಂಡಿತರು, ಅವರಿಗಿಂತ ಮೊದಲು ಅವರ ಮೀಸೆಯೇ ಬಾಗಿಲು ದಾಟುತ್ತಿತ್ತು. ಮೂರನೆಯವರು ನಮ್ಮ ನಿರ್ದೇಶಕರು. ಅವರೆಲ್ಲ ತೊಟ್ಟಿಗಳ ಕೋಣೆಯಲ್ಲೇ ಸ್ಟೂಲು ಹಾಕಿ ಕೂತರು. ಅಧ್ಯಕ್ಷೆ ಕಾಗದವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸುವ ಮೊದಲೇ ಮೀಸೆಯವರು ಎದ್ದು ನಿಂತುಬಿಟ್ಟರು.

"ತಾಯಿ, ಇಪ್ಪತ್ತು ವರ್ಷದಿಂದ ನಾನು ತೊಂಬತ್ತು ನಿಮಿಷ ಕಾಯ್ತಾ ಇದೀನಿ! ಎಂಬತ್ತೈದಕ್ಕೆ ಶುರು ಮಾಡಿದ ಅಂತ ಒಬ್ಬ ವಿದ್ಯಾರ್ಥಿ ಕೈಲಿ ಇಡೀ ತಿಂಗಳ ಕೆಲಸ ಮತ್ತೆ ಮಾಡಿಸಿದೀನಿ!"

"ಕ್ಷಮಿಸಬೇಕು ಸರ್."

"ನನ್ನನ್ನಲ್ಲ, ಅವನನ್ನ ಕೇಳಿ. ಅವನೀಗ ನನ್ನ ಅಳಿಯ. ಮನೆಗೆ ಬಂದಾಗಲೆಲ್ಲ ಆ ಕಥೆ ತೆಗೀತಾನೆ. ಇನ್ನು ನನ್ನ ಗತಿ ಏನು?"

ನಿರ್ದೇಶಕರು ಕೂಡ ನಕ್ಕುಬಿಟ್ಟರು. ನಗು ಇಳಿದ ಮೇಲೆ ಅಧ್ಯಕ್ಷೆ, ಆ ತೊಂಬತ್ತು ಎಲ್ಲಿಂದ ಬಂತು ಎಂದು ಕೇಳಿದರು. ಕರುಳಮ್ಮ ಉಪ್ಪಣ್ಣನ ಕಡೆ ನೋಡಿದಳು. ಹೇಳಬೇಕೋ ಬೇಡವೋ ಅವನಿಗೇ ಬಿಟ್ಟದ್ದೆಂದು ಮೊದಲೇ ಮಾತಾಗಿತ್ತು. ಉಪ್ಪಣ್ಣ ಕೈಯೊರೆಸಿಕೊಂಡು ಮುಂದೆ ಬಂದು ತಾನೇ ಹೇಳಿದ. ಗಂಜಿ, ಅರ್ಧ ಬಾಯಿ, ಕಾಲು ಗಂಟೆ ಹೋಗೋಕೆ, ಕಾಲು ಗಂಟೆ ಬರೋಕೆ. 

"ಆಮೇಲೆ ಎಷ್ಟು ದಿನ ಇದ್ರು ಅಪ್ಪ?" ಮೀಸೆಯವರ ದನಿ ಇಳಿದಿತ್ತು.

"ಏಳು ವರ್ಷ ಸರ್. ಒಂದು ದಿನಾನೂ ನೆತ್ತಿಗೆ ಹತ್ತಲಿಲ್ಲ."

ಮೀಸೆಯವರು ತಲೆಯಾಡಿಸಿ ಕೂತರು. ಇನ್ನು ಅಳಿಯನ ಮಾತು ಎತ್ತಲಿಲ್ಲ.

ಅಧ್ಯಕ್ಷೆ ಮಾತ್ರ ಪೆನ್ನು ಕೆಳಗಿಡಲಿಲ್ಲ. "ಕಥೆ ಚೆನ್ನಾಗಿದೆ. ಆದರೆ ಅಂಕ ಅಂಕವೇ. ಮುನ್ನೂರ ಮೂವತ್ತೊಂದು ಕಳೆದೆ." ಗೀಚಿದರು, ಕೂಡಿದರು. "ನೂರಕ್ಕೆ ನಲವತ್ತೆಂಟು ಅಂಕ. ಅರವತ್ತು ಬೇಕು. ನಿಯಮದ ಪ್ರಕಾರ ಕೋಣೆ ಹೋಗುತ್ತೆ."

 ಕರುಳಮ್ಮ ಗೊತ್ತಿದ್ದೇ ಮಾಡಿದ ಕೆಲಸ, ಆದರೂ ಕಿವಿಯಾರೆ ಕೇಳುವುದು ಬೇರೆ. ಅವಳು ತೊಟ್ಟಿಗಳನ್ನು ನೋಡಲಿಲ್ಲ, ನೋಡಿದರೆ ಅಳು ಬರುತ್ತಿತ್ತು.

"ಒಂದು ನಿಮಿಷ," ಎಂದರು ಮೀಸೆಯವರು. "ಆ ಎಂಬತ್ತೊಂದು ಜನದಲ್ಲಿ ನಾನೂ ಒಬ್ಬ. ಹೊಟ್ಟೆ ತುಂಬುವಾಗ ನಿಧಾನಕ್ಕೆ ಹಿಗ್ಗಿಕೊಡುತ್ತೆ ಅನ್ನೋದನ್ನ ನಾನು ಅರ್ಥ ಮಾಡ್ಕೊಂಡಿದ್ದೇ ಇವರ ಎಳೆತದ ಲೆಕ್ಕದಿಂದ. ಕೋಣೆ ಪೂರ್ತಿ ತೆಗೆಯೋದು ಸರಿಯಲ್ಲ. ತಾಯಿ, ಈ ತೊಟ್ಟಿಗಳಲ್ಲಿ ದಿನಕ್ಕೆ ಎಷ್ಟು ಸಲ ಕೆಲಸ ಮಾಡ್ತೀರಿ?"

"ಎರಡು ಸಲ ಸರ್. ವಿಶ್ರಾಂತಿಗೇ ಅಷ್ಟು ಹೊತ್ತು ಹೋಗುತ್ತಲ್ಲ."

"ಇನ್ನು ನಲವತ್ತು ನಿಮಿಷವೇ ಆದ್ರೆ?"

ಕರುಳಮ್ಮ ಎಣಿಸಿದಳು. ಎಣಿಸುತ್ತಲೇ ಎಲ್ಲಿಗೆ ಹೊರಟಿದ್ದೇನೆಂದು ತಿಳಿಯಿತು, ಆದರೆ ಲೆಕ್ಕ ತಿಳಿದ ಮೇಲೆ ತಿಳಿಯದವಳಂತೆ ಇರುವುದು ಹೇಗೆ? "ನಾಲ್ಕು ಸಲ," ಎಂದಳು ಸಣ್ಣಗೆ.

ಅಧ್ಯಕ್ಷೆಯ ಕಣ್ಣು ಮಿನುಗಿತು. "ಅಂದರೆ ಇಷ್ಟೇ ಕೆಲಸಕ್ಕೆ ಮೂರು ತೊಟ್ಟಿ ಸಾಕು. ಅಂದರೆ ಅರ್ಧ ಕೋಣೆ ಸಾಕು."

"ಉಳಿದರ್ಧ ಕಂಪ್ಯೂಟರಿನವರಿಗೆ!" ಎಂದರು ನಿರ್ದೇಶಕರು, ಹಬೆ ಹೋದ ಕುಕ್ಕರಿನಂತೆ ಹಗುರಾಗಿ.

ಎಲ್ಲರೂ ಕರುಳಮ್ಮನ ಮುಖ ನೋಡಿದರು. ಒಂಬತ್ತು ದಿನ ತಾನೇ ಕೂತು ಅಳೆದ ಸತ್ಯವೇ ಬಂದು ತನ್ನ ಅರ್ಧ ಕೋಣೆಯನ್ನು ಕೇಳುತ್ತಿದೆ, ಉಳಿದರ್ಧವನ್ನು ಕೊಡುತ್ತಿರುವುದೂ ಅದೇ. ಅವಳಿಗೆ ನಗು ತಡೆಯಲಾಗಲಿಲ್ಲ. "ನನ್ನ ಲೆಕ್ಕಕ್ಕೆ ನಾನೇ ಎದುರು ಹೇಳೋದು ಹೇಗೆ? ಅರ್ಧ ಸಾಕು," ಎಂದಳು. ಅಧ್ಯಕ್ಷೆ ಹಾಗೆಯೇ ಬರೆದು, ಈ ಅರ್ಧವನ್ನು ಮೇಡಂ ಕೆಲಸ ಮಾಡುವವರೆಗೆ ಯಾರೂ ಕೇಳಕೂಡದು ಎಂಬ ಸಾಲನ್ನೂ ಸೇರಿಸಿ ಸಹಿ ಹಾಕಿದರು.

ನಲವತ್ತು ನಿಮಿಷದ ಪ್ರಬಂಧ ಚಿಕ್ಕದು, ನಾಲ್ಕೇ ಪುಟ. ಬರೆದವರ ಹೆಸರಿನಲ್ಲಿ ಉಪ್ಪಣ್ಣನದು ಮೊದಲು. ಬೇಡವೇ ಬೇಡ ಎಂದು ಎರಡು ದಿನ ಹಟ ಹಿಡಿದವನು ಮೂರನೆಯ ದಿನ ಸಹಿ ಹಾಕಲು ಬರುವಾಗ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ.

ಅದೇ ವಾರ ಬಡಗಿ ಬಂದು ಕೋಣೆಯ ನಡುವೆ ಹಲಗೆಯ ಗೋಡೆ ಎಬ್ಬಿಸತೊಡಗಿದ. ಅವನ ಸುತ್ತಿಗೆಯ ಪೆಟ್ಟಿಗೆ ಬೀರುವಿನ ಗಾಜು ಝಣಝಣ ಅನ್ನುತ್ತಿತ್ತು. ಇತ್ತ ಕಡೆ ಮೂರು ತೊಟ್ಟಿಗೆ ಉಪ್ಪಣ್ಣ ಕರುಳಿಳಿಸಿ ಕಾದ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ. ಗೋಡೆಗೆ ಕೊನೆಯ ಹಲಗೆ ಹೊಡೆಯುವ ಮೊದಲು ಬೀಡಿಗೆಂದು ಹೊರಟ ಬಡಗಿ ತೊಟ್ಟಿಯ ಮುಂದೆ ನಿಂತವನು ಅಲ್ಲೇ ನಿಂತುಬಿಟ್ಟ.

"ಏನಿದು, ಹುಳಾನಾ?"

"ಕರುಳು. ಕುರಿದು," ಎಂದಳು ಕರುಳಮ್ಮ.

"ಕುರಿ ಎಲ್ಲಿ?"

"ಕುರಿ ಇಲ್ಲ. ಇದೊಂದೇ."

ಎಳೆ ಮೆಲ್ಲಗೆ ಮುದುಡಿ ಮೇಲೆದ್ದಿತು, ತುಸು ತಡೆಯಿತು, ಸಡಿಲಾಗಿ ಇಳಿಯಿತು. ಪರದೆಯ ಮೇಲೆ ಗೆರೆ ಒಂದು ಗುಡ್ಡ ಹತ್ತಿ ಇಳಿಯಿತು. ಮತ್ತೆ ಮುದುಡಿತು. ಬಡಗಿ ಬಾಗಿ, ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು, ಮಲಗಿದ ಮಗುವನ್ನು ನೋಡುವವನಂತೆ ನೋಡಿದ.

"ಇದಕ್ಕೆ ಯಾರು ಹೇಳಿಕೊಟ್ಟರು ಹೀಗೆ ಮಾಡು ಅಂತ?"

ಕರುಳಮ್ಮ ಉತ್ತರ ಹೇಳಲು ಬಾಯಿ ತೆರೆದಳು. ಅರವತ್ತೊಂದು ಪ್ರಬಂಧ ಬರೆದವಳು, ಎಲ್ಲಿಂದ ಶುರು ಮಾಡಲಿ ಎಂದು ತಡೆದಳು.

"ನಾವಂತೂ ಅಲ್ಲಪ್ಪ," ಎಂದ ಉಪ್ಪಣ್ಣ, ಗಡಿಯಾರ ನೋಡುತ್ತ. "ಅಮ್ಮಾ, ನಲವತ್ತಾಯ್ತು."

ಕರುಳಮ್ಮ ಅಳತೆ ಶುರು ಮಾಡಿದಳು.